ದಾಖಲೆಗೆ ಬಾರದ್ದು

ಇಪ್ಪತ್ತೊಂಬತ್ತು ವರ್ಷ
ಅವಳ ಮಾತನ್ನು ಬೆರಳಲ್ಲಿ ಕೇಳಿಸಿಕೊಂಡವಳು ನಾನು.
ಡುಲೂತ್ ಪಟ್ಟಣದ ಕೋರ್ಟು, ಮೂರನೇ ಮಹಡಿ,
ಕಿಟಕಿಯಾಚೆ ಕಡಲಿನಂತೆ ನಟಿಸುವ ಸರೋವರ.
ಅದಿರು ತುಂಬಿದ ಹಡಗು ಸೇತುವೆಗೆ ಕೂಗು ಹಾಕಿದರೆ
ನ್ಯಾಯಾಧೀಶರೂ ಸುಮ್ಮನಿರಬೇಕು ಅರೆಗಳಿಗೆ.
ನನ್ನದು ಇಪ್ಪತ್ತೆರಡು ಕೀಲಿಯ ಪುಟ್ಟ ಯಂತ್ರ.
ಯಾರದು ಸರಿ, ನನಗೆ ಬೇಡ.
ಯಾರು ಏನಂದರು, ಅಷ್ಟೇ.

ಐಲಾ ಕೊಸ್ಕೆಲಾ, ಗಣಿಯೂರಿನ ವೆಲ್ಡರನ ಮಗಳು.
ಮೊದಲ ಚಳಿಗಾಲ ಒಂದೇ ಕೋಟು;
ಬೂಟಿನ ಹಿಮ ಕರಗಿ
ಸರ್ಕಾರದ ಮೇಜಿನ ಕೆಳಗೆ ಮಡುಗಟ್ಟುತ್ತಿತ್ತು.
ಆ ಮೇಜು ಜ್ಯೂರಿಗೆ ಹತ್ತಿರ,
ಹನ್ನೆರಡು ಮಂದಿಯ ಉಸಿರು ತಾಕುವಷ್ಟು.
‘ಮಿನ್ನೆಸೋಟ ರಾಜ್ಯದ ಪರವಾಗಿ’ ಎಂದರೆ
ಇಡೀ ರಾಜ್ಯ ಅವಳ ಬೆನ್ನಿಗೆ ಕೈಕಟ್ಟಿ ನಿಂತ ಹಾಗೆ.

ಪಾಟೀಸವಾಲಿಗೆ ಎದ್ದರೆ ದನಿ ಏರಿಸುತ್ತಿರಲಿಲ್ಲ.
ಮಗುವಿನ ತಟ್ಟೆಗೆ ಮೀನಿನ ಮುಳ್ಳು ಬಿಡಿಸಿಕೊಡುವಂತೆ
ಒಂದೊಂದೇ ಪ್ರಶ್ನೆ, ನಿಧಾನ.
ನಡುನಡುವೆ ಮೌನ. ಸಾಕ್ಷಿಗಳು ಜಾರುತ್ತಿದ್ದುದು ಅಲ್ಲೇ.
ಅದಕ್ಕೆ ನನ್ನ ಯಂತ್ರದಲ್ಲಿ ಕೀಲಿಯಿಲ್ಲ.

ಆರನೇ ವರ್ಷ, ಲೆರಾಯ್ ಬೆಲ್ಲಾಂಜರ್‌ನ ಮೊಕದ್ದಮೆ.
ದೋಣಿಮನೆಗೆ ಬೆಂಕಿ; ಒಳಗೆ ಮಲಗಿದ್ದ ಕಾವಲುಗಾರ.
ತೀರ್ಪು: ಹದಿನೆಂಟು ವರ್ಷ.
ಕೊನೆಯ ಬೆಂಚಿನಲ್ಲೊಬ್ಬ ಒಂಬತ್ತರ ಹುಡುಗ,
ಒಂದು ಕೈಗೆ ಕೆಂಪು ಕೈಚೀಲ, ಇನ್ನೊಂದಕ್ಕೆ ಬೂದಿ.
ಅಪ್ಪನನ್ನು ಕರೆದೊಯ್ಯುವಾಗ ಅವನು ಅಪ್ಪನನ್ನು ನೋಡಲಿಲ್ಲ,
ಐಲಾಳನ್ನು ನೋಡಿದ.
ಇದೂ ದಾಖಲೆಯಲ್ಲಿಲ್ಲ.

ಹದಿನೈದು ತುಂಬಿದಾಗ ಸರ್ಕಾರ ಬಿಟ್ಟಳು.
ದುಡ್ಡಿಗೆ ಅಂದರು. ಗಂಡನ ಕಾಟಕ್ಕೆ ಅಂದರು.
ದುಡ್ಡಿಗಾದರೆ ಗಾಳದಂಗಡಿಯ ಅಟ್ಟದ ಮೇಲೆ
ಆಫೀಸು ತೆರೆಯುತ್ತಿದ್ದಳೇ?
ಕೆಲವರ ಫೀಸು ಪೇಪರಿನಲ್ಲಿ ಸುತ್ತಿದ ಹೊಗೆಮೀನು.

ಆ ಮೇಜಿನಿಂದ ಈ ಮೇಜಿಗೆ ಎಂಟು ಹೆಜ್ಜೆ,
ಊಟದ ಬಿಡುವಿನಲ್ಲಿ ಎಣಿಸಿದ್ದೇನೆ.
ಮೊದಲ ದಿನ ಆರೋಪಿಯ ಪಕ್ಕ ಎದ್ದು ನಿಂತು
‘ರಾಜ್ಯದ ಪರವಾ—’ ಎಂದು ತಡೆದಳು.
ಕೋರ್ಟು ನಕ್ಕಿತು. ಅವಳೂ.
ಅಷ್ಟರಲ್ಲಿ ನನ್ನ ಬೆರಳು ಒತ್ತಿಬಿಟ್ಟಿತ್ತು.
ಈಗಲೂ ಇದೆ: ಪುಟ ನಾಲ್ಕು, ಸಾಲು ಹನ್ನೊಂದು.

ಮೊನ್ನೆ ಮಾರ್ಚಿನಲ್ಲಿ, ಐದು ಹೊಡೆದ ಮೇಲೆ,
ನನ್ನ ಬಾಗಿಲಲ್ಲಿ ನಿಂತಳು. ಕೂತುಕೋ ಎಂದರೆ ಕೂರಲಿಲ್ಲ.
‘ಬೆಲ್ಲಾಂಜರ್‌ನ ಮಗ ಬಂದಿದ್ದ, ಡೆನ್ನಿಸ್.
ಬಂದರಿನಲ್ಲಿ ಹೊಡೆದಾಟ, ಒಬ್ಬನ ಕಣ್ಣು ಹೋಗಿದೆ.
ನನ್ನ ಬಳಿಗೇ ಯಾಕೆ ಬಂದೆಯೋ ಎಂದೆ.
ಅಪ್ಪನನ್ನು ಒಳಗೆ ಹಾಕಿದ ಬಾಯಿ,
ಈ ಸಲ ನನ್ನ ಕಡೆ ಇರಲಿ ಅಂದ.’

ನಿನ್ನಪ್ಪ ತಪ್ಪು ಮಾಡಿದ್ದ ಎಂದಳಂತೆ.
ಗೊತ್ತು ಎಂದನಂತೆ.
ಗೊತ್ತು, ಆದರೆ ನೀವು ಇಪ್ಪತ್ತು ಕೇಳಿದಿರಿ.

‘ನಾನು ಕೇಳಿದ್ದು ಹನ್ನೆರಡು.
ನನಗೆ ಚೆನ್ನಾಗಿ ನೆನಪಿದೆ, ಹನ್ನೆರಡು.’

ನೆಲಮಾಳಿಗೆಗೆ ಇಳಿದೆ. ರಟ್ಟಿನ ಪೆಟ್ಟಿಗೆ, ಧೂಳು,
ಪುಟ ಇನ್ನೂರ ಆರು.
ಬೆಳಕಿಗೆ ಹಿಡಿದು ಓದಿದಳು,
ಕನ್ನಡಕ ತೆಗೆದು ಇನ್ನೊಮ್ಮೆ.
ಇಪ್ಪತ್ತು.
ಎರಡನ್ನು ಕಡಿಮೆ ಮಾಡಿದ್ದು ನ್ಯಾಯಾಧೀಶರು.

ನಾನೇನು ಹೇಳಲಿ?
ಬೆರಳು ತಪ್ಪಿರಬಹುದು ಎನ್ನಬಹುದಿತ್ತು.
ನನ್ನ ಬೆರಳು ತಪ್ಪುವುದಿಲ್ಲ, ಅವಳಿಗೂ ಗೊತ್ತು.
ಪ್ರತಿ ಬೇಕೆಂದಳು. ಎಷ್ಟಾಯಿತೆಂದಳು.
ಪುಟಕ್ಕಿಷ್ಟೆಂದು ದರವಿದೆ, ಹೇಳಿದೆ.
ಚಿಲ್ಲರೆ ಎಣಿಸಿ ಕೊಟ್ಟಳು, ರಸೀದಿ ಬರೆದೆ.

ಇವತ್ತು ಡೆನ್ನಿಸ್‌ನ ವಿಚಾರಣೆ.
ಅವನ ಕೈ ಮೇಜಿನ ಮೇಲೆ, ಕೈಚೀಲವಿಲ್ಲ.
ಸರ್ಕಾರದ ಕಡೆ ಒಬ್ಬ ಎಳೆಯ ಹುಡುಗ,
ಬೂಟಿನಡಿ ನೀರು.
ಐಲಾ ಎದ್ದಳು. ಕೋಟಿನ ಜೇಬಿನಲ್ಲಿ
ನಾಲ್ಕು ಮಡಿಕೆಯ ಕಾಗದದ ಅಂಚು.
ಹನ್ನೆರಡು ಮಂದಿ ಕಾದರು, ನಾನು ಕಾದೆ,
ಬೆರಳು ಕೀಲಿಯ ಮೇಲೆ.
ಹೊರಗೆ ಯಾವ ಹಡಗೂ ಕೂಗಲಿಲ್ಲ.